ಮನೆಯಿಂದ ಫೋನ್ ಬರಲಿಲ್ಲ

ಮನೆಯಿಂದ ಫೋನ್ ಬರಲಿಲ್ಲವೆಂದು ಯಾರಾದರೂ ಗಾಬರಿಯಾಗುತ್ತಾರೆಯೇ? ಇವಳು ಆದಳು. ಕಾರ್ಖಾನೆಯಲ್ಲಿ ಬಟ್ಟೆ ಬದಲಿಸುವ ಕೋಣೆಗೆ ಬಂದು, ಲಾಕರ್ ತೆಗೆದು, ಫೋನ್ ಕೈಗೆತ್ತಿಕೊಂಡು ನೋಡಿದಳು. ಸಿಗ್ನಲ್ ಇದೆಯೇ ಎಂದು ನೋಡಿದಳು. ಚಾರ್ಜ್ ಇದೆಯೇ ಎಂದು ನೋಡಿದಳು. ಎಲ್ಲ ಸರಿಯಾಗಿಯೇ ಇತ್ತು. ಬೆಳಗಿನಿಂದ ಒಂದೇ ಒಂದು ಕರೆ ಬಂದಿರಲಿಲ್ಲ.

ಈ ಗಾಬರಿ ಅರ್ಥವಾಗಬೇಕಾದರೆ ಇವಳ ಮನೆಯವರ ವಿಷಯ ಸ್ವಲ್ಪ ಹೇಳಬೇಕು. ಗಂಡ ಸರ್ವೇಯರ್. ಎಲ್ಲೋ ಬಯಲಿನಲ್ಲಿ, ಮುಳ್ಳುಕಂಟಿಗಳ ನಡುವೆ, ಮಣ್ಣಿನಲ್ಲಿ ಹೂತುಹೋದ ಗಡಿಕಲ್ಲನ್ನು ಹುಡುಕಿ ತೆಗೆಯುವ ಆಸಾಮಿ. ಅದೇ ಮನುಷ್ಯನಿಗೆ ಬೀರುವಿನಲ್ಲಿ ಕಣ್ಣೆದುರಿಗೇ ನೇತಾಡುವ ನೀಲಿ ಶರ್ಟು ಕಾಣದು! ಹದಿನಾಲ್ಕರ ಮಗ ಗುಂಡ, ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು ಇನ್ನೊಂದಕ್ಕಾಗಿ ಮನೆಯನ್ನೇ ತಲೆ ಮೇಲೆ ಹೊತ್ತುಕೊಳ್ಳುವವನು. ಅತ್ತೆಯೋ, ಮಾತ್ರೆಯ ಡಬ್ಬಿಯನ್ನು ಮಡಿಲಲ್ಲೇ ಇಟ್ಟುಕೊಂಡು "ನಾನು ಬೆಳಗಿಂದು ತಗೊಂಡ್ನಾ?" ಎಂದು ಸೊಸೆಯನ್ನು ಕೇಳುವವರು. ಇನ್ನು ಹನ್ನೊಂದರ ಮಗಳು ಚೂಟಿ. ಅವಳು ಏನನ್ನೂ ಕಳೆದುಕೊಳ್ಳುವುದಿಲ್ಲ, ಆದರೆ ಅವಳದು ಪ್ರಶ್ನೆಯ ಕಾಟ. ಹಾಲು ಉಕ್ಕುತ್ತದಲ್ಲ, ನೀರು ಯಾಕೆ ಹಾಗೆ ಉಕ್ಕುವುದಿಲ್ಲ ಎಂದು ಕೇಳುವುದಕ್ಕೇ ಕಾರ್ಖಾನೆಗೆ ಫೋನ್ ಮಾಡಿದ ಪುಣ್ಯಾತ್ಗಿತ್ತಿ!

ಹೀಗೆ ಹೊತ್ತುಹೊತ್ತಿಗೆ ಫೋನು. ಔಷಧಿ ಸೀಸೆಗಳಿಗೆ ಲೇಬಲ್ ಅಂಟಿಸುವ ಯಂತ್ರದ ಮುಂದೆ ನಿಂತು, ಕಿವಿಗೂ ಹೆಗಲಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು, "ಬೀರು, ಎರಡನೇ ಅರೆ, ಎಡಗಡೆ. ಅಯ್ಯೋ, ಎಡಗಡೆ ರೀ, ನೀವು ಊಟ ಮಾಡದೇ ಇರೋ ಕೈ" ಎಂದು ಇವಳು ಅಲ್ಲಿಂದಲೇ ಮನೆ ನಡೆಸುತ್ತಿದ್ದಳು.

ಆ ಯಂತ್ರದ ಎದುರು ಗೋಡೆಯಲ್ಲಿ ಒಂದು ಗಾಜಿನ ಕಿಟಕಿ. ಅದರಾಚೆಗೆ ಕ್ಲೀನ್ ರೂಮ್, ಇಂಜೆಕ್ಷನ್ ಸೀಸೆಗಳಿಗೆ ಔಷಧಿ ತುಂಬುವ ಕೋಣೆ. ಒಳಗಿನವರಿಗೆ ತಲೆಯಿಂದ ಪಾದದವರೆಗೆ ಬಿಳಿ ಉಡುಪು, ಕಾಣುವುದು ಕಣ್ಣು ಮಾತ್ರ. ಗಾಳಿ ಕದಡಬಾರದೆಂದು ಅವರು ತುಂಬಿದ ಕೊಡ ಹೊತ್ತವರ ಹಾಗೆ ನಿಧಾನವಾಗಿ ನಡೆಯುತ್ತಿದ್ದರು. ಅಲ್ಲಿ ಯಾವ ಸದ್ದು ಕೇಳಬಹುದು? ವಾಸನೆ ಇರಬಹುದೇ? ಮೂಗು ತುರಿಸಿದರೆ ಪಾಪ ಏನು ಮಾಡುತ್ತಾರೆ? ವರ್ಷಗಟ್ಟಲೆ ಇವಳು ಕಿಟಕಿಯ ಈಚೆ ನಿಂತು ಇದನ್ನೇ ಯೋಚಿಸಿದ್ದಳು. ಮಗಳಿಗೆ ಪ್ರಶ್ನೆಯ ಹುಚ್ಚು ಯಾರಿಂದ ಬಂತೆಂದು ಬೇರೆ ಹೇಳಬೇಕಿಲ್ಲ.

ಕಡೆಗೂ ಒಂದು ದಿನ ಆ ವಿಭಾಗದ ಮೇಡಂ ಕರೆದರು. "ಒಂದು ತಿಂಗಳು ಒಳಗೆ ಮಾಡಿ ನೋಡಿ. ಆಮೇಲೆ ಕಾಯಂ ಬರ್ತೀರೋ ಇಲ್ವೋ ಹೇಳಿ. ಆದ್ರೆ ಒಂದು ಮಾತು, ಒಳಗೆ ಫೋನ್ ಇಲ್ಲ. ಬೆಂಕಿ ಬಿತ್ತು, ಯಾರೋ ಬಿದ್ದು ಕೈ ಮುರ್ಕೊಂಡ್ರು ಅಂದ್ರೆ ಗೇಟಿನವರು ಬಂದು ಹೇಳ್ತಾರೆ. ಶರ್ಟ್ ಸಿಕ್ತಿಲ್ಲ ಅಂತ ನಡುವೆ ಎದ್ದು ಬಂದ್ರೆ ತುಂಬಿದ್ದೆಲ್ಲ ಚೆಲ್ಲಬೇಕಾಗುತ್ತೆ. ಮನೆ ನೀವಿಲ್ದೆ ನಡೆಯುತ್ತೆ ಅನ್ನೋ ಹಾಗಿದ್ರೆ ಬನ್ನಿ."

ಶರ್ಟಿನ ವಿಷಯ ಮೇಡಂವರೆಗೂ ಹೋಗಿತ್ತೆಂದು ಇವಳಿಗೆ ಆಗಲೇ ಗೊತ್ತಾದದ್ದು. ನಾಚಿಕೆಯಾಯಿತು. ಆದರೂ ಹ್ಞೂಂ ಎಂದಳು. ಬೆಳಗಿನ ಪಾಳಿ, ಕತ್ತಲಿರುವಾಗಲೇ ಮನೆ ಬಿಡಬೇಕು. ಮನೆಯಲ್ಲಿ ಎಲ್ಲರನ್ನೂ ಕೂರಿಸಿ ಹೇಳಿದಳು: "ಒಂದು ತಿಂಗಳು ನನ್ನ ಹುಡುಕಬೇಡಿ. ನೀವು ನಡೆಸಿದ್ರೆ ನನಗೆ ಆ ಕೋಣೆ, ಇಲ್ದಿದ್ರೆ ಮತ್ತೆ ಅದೇ ಲೇಬಲ್ಲು." ಗಂಡ ಎದೆ ಉಬ್ಬಿಸಿ, "ನಾವೇನು ಕೈಲಾಗದೋರಾ?" ಎಂದ.

ಈಗ ನೋಡಿದರೆ ಮೊದಲ ದಿನವೇ ಫೋನಿಲ್ಲ. ಮನೆಗೆ ಓಡಿಬಂದಳು. ಬಾಗಿಲು ಇತ್ತು, ಚಾವಣಿ ಇತ್ತು. ಸಿಂಕಿನಲ್ಲಿ ಒಂದು ಲೋಟವೂ ಇರಲಿಲ್ಲ. ಒಗೆದ ಬಟ್ಟೆ ಮಡಿಸಿ ಇಟ್ಟಾಗಿತ್ತು. ನೆಲ ಗುಡಿಸಿತ್ತು. ಇವಳು ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ಸಂಜೆ ಎಲ್ಲರೂ ಮನೆ ಸೇರಿದ ಮೇಲೆ ಕೇಳಿದಳು:

"ಯಾರು ಮಾಡಿದ್ದು ಇದೆಲ್ಲ?"

"ಯಾರಂದ್ರೆ? ನಾವೇ ಎಲ್ಲ ಸೇರಿ" ಎಂದ ಗಂಡ, ಪೇಪರಿನಿಂದ ತಲೆಯೆತ್ತದೆ. ಗುಂಡ ಹಲ್ಲು ಕಿರಿದ. ಅತ್ತೆ, "ಮನೆ ಅಂದ್ಮೇಲೆ ನಡ್ಕೊಂಡು ಹೋಗುತ್ತಮ್ಮ" ಎಂದರು. ಹದಿನಾರು ವರ್ಷ ತಾನಾಗಿಯೇ ನಡೆಯದಿದ್ದ ಮನೆಗೆ ಇವತ್ತು ಇದ್ದಕ್ಕಿದ್ದಂತೆ ಕಾಲು ಬಂತೇ? ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು.

ಕ್ಲೀನ್ ರೂಮಿನಲ್ಲಂತೂ ಇವಳಿಗೆ ಹಬ್ಬ. ಉಂಗುರ ಬಿಚ್ಚಿ, ಪೌಡರ್ ತೊಳೆದು, ಒಂದರ ಮೇಲೊಂದು ಗ್ಲೌಸ್ ಹಾಕಿ, ಎರಡು ಬಾಗಿಲು ದಾಟಿ ಒಳಹೊಕ್ಕರೆ ಗಾಳಿಯದೊಂದು ಸಣ್ಣ ಗುಂಯ್‌ಗುಟ್ಟುವಿಕೆ ಬಿಟ್ಟರೆ ಏನೂ ಇಲ್ಲ. ವಾಸನೆಯೇ ಇಲ್ಲದ ಜಾಗವೊಂದು ಭೂಮಿಯ ಮೇಲಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಮೂಗು ತುರಿಸಿದರೆ ಸಹಿಸಿಕೊಳ್ಳುವುದು, ಅಷ್ಟೇ. ಸಾಲಾಗಿ ಬರುವ ಸೀಸೆಗಳಲ್ಲಿ ಯಾವುದು ಬಿರುಕು ಬಿಟ್ಟಿದೆ, ಯಾವುದರಲ್ಲಿ ಕೂದಲೆಳೆಯಷ್ಟು ಕಡಿಮೆ ತುಂಬಿದೆ ಎಂದು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯದು. ಒಂದೇ ಕೆಲಸ, ಒಂದೇ ಸಲ! ಹೀಗೂ ಬದುಕಬಹುದೇ ಎಂದು ಅವಳಿಗೆ ಖುಷಿಯಿಂದ ಅಳು ಬರುವ ಹಾಗಾಗುತ್ತಿತ್ತು.

ಮನೆಗೆ ಬಂದ ಮೇಲೆ ಮಾತ್ರ ಪತ್ತೇದಾರಿ. ಮಡಿಸಿಟ್ಟ ಬಟ್ಟೆ ತೆಗೆದು ನೋಡಿದಳು. ಗಂಡನಾದರೆ ಉಂಡೆ ಕಟ್ಟುತ್ತಾನೆ, ಅತ್ತೆ ದಿಂಬಿನ ಹಾಗೆ ದಪ್ಪಗೆ ಮಡಿಸುತ್ತಾರೆ. ಇಲ್ಲಿ ತೋಳು ಒಳಗೆ, ಕಾಲರ್ ಮೇಲೆ, ಥೇಟ್ ತಾನೇ ಮಡಿಸಿದಂತೆ. ಕೆಲಸದವಳನ್ನು ಗುಟ್ಟಾಗಿ ಇಟ್ಟುಕೊಂಡರೇ? ಪಕ್ಕದ ಮನೆಯ ಟೈಲರಮ್ಮನನ್ನು ಕೇಳಿದಳು. "ನಿಮ್ಮನೆಗೆ ಹೊರಗಿನೋರು ಯಾರೂ ಬಂದಿದ್ದು ನಾನು ನೋಡಿಲ್ಲಪ್ಪ. ಯಾಕೆ, ಏನಾದ್ರೂ ಕಳುವಾಯ್ತಾ?" ಎಂದು ಆಕೆ ಕಣ್ಣರಳಿಸಿದಳು. ಏನೂ ಕಳುವಾಗಿಲ್ಲ, ಎಲ್ಲ ಸಿಗುತ್ತಿದೆ, ಅದೇ ತೊಂದರೆ ಎಂದು ಹೇಗೆ ಹೇಳುವುದು!

ಇನ್ನೊಂದು ದಿನ ಒಲೆಯ ಮುಂದೆ ಸ್ಟೂಲು ಕಂಡಿತು. ಅದು ಬಚ್ಚಲ ಪಕ್ಕದಲ್ಲಿ ಇರಬೇಕಾದದ್ದು. "ಬಲ್ಬ್ ಹಾಕೋಕೆ ತಂದಿದ್ವಿ" ಎಂದರು ಅತ್ತೆ. ಇವಳು ತಲೆಯೆತ್ತಿ ನೋಡಿದಳು. ಬಲ್ಬು ಹಳೆಯದೇ, ಮೇಲೆ ಜೇಡರ ಬಲೆಯೂ ಹಾಗೆಯೇ ಇತ್ತು. ಆದರೆ ಇವಳು ಮುಂದೆ ಕೇಳಲಿಲ್ಲ. ಅಲ್ಲಿಯವರೆಗೆ ಎಲ್ಲವನ್ನೂ ಕೆದಕಿ ಕೆದಕಿ ನೋಡಿದವಳು ಆ ಸ್ಟೂಲನ್ನು ಸುಮ್ಮನೆ ಎತ್ತಿ ಬಚ್ಚಲ ಪಕ್ಕ ಇಟ್ಟಳು. ಕೇಳಿದರೆ ಉತ್ತರ ಬಂದುಬಿಡುತ್ತದೆ, ಉತ್ತರ ಬಂದರೆ ಆ ಕೋಣೆ ಹೋಗುತ್ತದೆ ಎಂದು ಮನಸ್ಸಿಗೆ ಎಲ್ಲೋ ಅನ್ನಿಸಿತ್ತು. ಜಾಣಕುರುಡು ಅಂದರೆ ಇದೇ.

ಆ ದಿನಗಳಲ್ಲಿ ಚೂಟಿ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದಳು. ಕೆಲಸ ಶುರುವಾದ ದಿನ "ಒಳಗೆ ಏನಿತ್ತಮ್ಮಾ?" ಎಂದು ಪ್ರಾಣ ತಿಂದವಳು ಈಗ ಪುಸ್ತಕದ ಮೇಲೆ ತೂಕಡಿಸುತ್ತಿದ್ದಳು. ಒಮ್ಮೆ ಇವಳೇ ಕೆಣಕಿದಳು: "ಏನೇ, ಇವತ್ತು ಪ್ರಶ್ನೆ ಇಲ್ವಾ?" ಚೂಟಿ ಆಕಳಿಸಿ, "ಸಕ್ಕರೆ ಮುಗೀತು, ನಾಳೆ ತರ್ಬೇಕು" ಎಂದಳು. ದೊಡ್ಡವಳಾಗುತ್ತಿದ್ದಾಳೆ ಎಂದುಕೊಂಡಳು ಇವಳು. 

ತಿಂಗಳು ಮುಗಿಯುತ್ತ ಬಂತು. ಒಂದು ಬೆಳಿಗ್ಗೆ ಕ್ಲೀನ್ ರೂಮಿನ ಗಾಳಿಯಂತ್ರ ಕೆಟ್ಟು ನಿಂತಿತು. "ಇವತ್ತೂ ನಾಳೆನೂ ರಿಪೇರಿ. ಎಲ್ಲ ಮನೆಗೆ ಹೋಗಿ" ಎಂದ ಮೇಡಂ, ಇವಳನ್ನು ನೋಡಿ, "ನಾಡಿದ್ದು ಬಂದಾಗ ನಿಮ್ಮ ಮಾತು ಹೇಳ್ಬಿಡಿ" ಎಂದರು. ಇವಳು ಬಸ್ಸು ಹತ್ತಿ ವಾಪಸ್ಸು ಬಂದಾಗ ಮನೆಯವರೆಲ್ಲ ಹೊರಡುವ ಹೊತ್ತು. ಮುಂಬಾಗಿಲು ಅರ್ಧ ತೆರೆದಿತ್ತು. ಚಪ್ಪಲಿ ಬಿಡಲು ಬಗ್ಗಿದವಳು ಹಾಗೆಯೇ ನಿಂತಳು.

"ಚೂಟೀ, ನನ್ನ ಟೇಪು ಎಲ್ಲಮ್ಮ?" ಗಂಡನ ಧ್ವನಿ.

"ಲೇ ಚೂಟಿ, ಒಂದೇ ಸಾಕ್ಸ್ ಇದೆ!"

"ಪುಟ್ಟಾ, ನಾನು ಮಾತ್ರೆ ತಗೊಂಡ್ನಾ?"

ಅಡುಗೆಮನೆಯಿಂದ ಉತ್ತರ ಬಂತು: "ಅಯ್ಯೋ ಒಬ್ಬೊಬ್ರಾಗಿ ಕೇಳಿ! ನನಗಿರೋದು ಎರಡೇ ಕೈ. ಅಪ್ಪಾ, ಬೀರು, ಎರಡನೇ ಅರೆ, ಎಡಗಡೆ. ಎಡಗಡೆ, ನೀವು ಊಟ ಮಾಡದೇ ಇರೋ ಕೈ!"

ಮಾತು ಇವಳದು, ಏರಿಳಿತ ಇವಳದು, ಆ ಸುಸ್ತೂ ಇವಳದೇ. ಧ್ವನಿ ಮಾತ್ರ ಮಗುವಿನದು. 

ಒಳಗೆ ಹೋದಳು. ಚೂಟಿ ಸ್ಟೂಲಿನ ಮೇಲೆ ನಿಂತು ಮೊಟ್ಟೆ ತಿರುವಿ ಹಾಕುತ್ತಿದ್ದಳು. ಸ್ಕೂಲಿನ ಯೂನಿಫಾರ್ಮ್, ಒಂದು ಜಡೆ ಹಾಕಿದೆ, ಇನ್ನೊಂದಿಲ್ಲ. ಪಕ್ಕದಲ್ಲಿ ಮೂರು ಊಟದ ಡಬ್ಬಿ ತುಂಬಿ ಸಾಲಾಗಿ ಇಟ್ಟಿತ್ತು. ಮಣಿಕಟ್ಟಿನ ಮೇಲೆ ಸುಟ್ಟ ಬೊಬ್ಬೆ ಒಣಗಿದ ಗುರುತು. ತನ್ನ ಕಣ್ಣಿಗೆ ಇದು ಇಷ್ಟು ದಿನ ಬೀಳಲಿಲ್ಲವೇ? ಬಿರುಕು ಬಿಟ್ಟ ಸೀಸೆಗಳನ್ನು ಹುಡುಕುವ ಕಣ್ಣು!

ಗಂಡ ಕಕ್ಕಾಬಿಕ್ಕಿಯಾಗಿ, "ಏನಿಷ್ಟು ಬೇಗ?" ಎಂದ.

"ಎಲ್ಲ ಸೇರಿ ಅಂದ್ರಲ್ಲ. ಇದೇನಾ ಎಲ್ಲ ಸೇರಿ?"

"ನಾವೇನು ಮಾಡು ಅಂದ್ವಾ? ಅವಳೇ ಇಷ್ಟಪಟ್ಟು ಮಾಡ್ತಾಳೆ ಕಣೆ."

"ಹೆಣ್ಣುಮಗು, ಕಲೀಲಿ ಬಿಡು" ಎಂದರು ಅತ್ತೆ.

 ಇವಳು ಸಿಟ್ಟಿನಿಂದ ಒಲೆ ಆರಿಸಿ, ಮಗಳನ್ನು ಸ್ಟೂಲಿನಿಂದ ಇಳಿಸಿ, ಕೈ ಹಿಡಿದುಕೊಂಡು ಮಲಗುವ ಕೋಣೆಗೆ ಹೋದಳು. ಉಳಿದ ಜಡೆ ಹೆಣೆಯುತ್ತ ಹೇಳಿದಳು: "ಸಾಕು ಪುಟ್ಟ. ನಾಡಿದ್ದು ಮೇಡಂಗೆ ಹೇಳ್ಬಿಡ್ತೀನಿ, ನನಗೆ ಆ ಕೋಣೆ ಬೇಡ ಅಂತ."

ಚೂಟಿ ಗಕ್ಕನೆ ತಿರುಗಿದಳು. ಜಡೆ ಕೈಯಿಂದ ಜಾರಿತು. "ಹಾಗಾದ್ರೆ ನಾನು ಮಾಡಿದ್ದೆಲ್ಲ ದಂಡನಾ?" ಅವಳು ತಾಯಿಯ ಕೈ ಹಿಡಿದು ಜಗ್ಗಿದಳು. "ನೀನು ಖುಷಿಯಾಗಿ ಬರ್ತಿದ್ದೆ. ಮೊದಲ ದಿನ ಆ ಕೋಣೆ ವಿಷಯ ಹೇಳುವಾಗ ನಿನ್ನ ಮುಖ ಹೇಗಿತ್ತು ಗೊತ್ತಾ? ಅವ್ರು ಫೋನ್ ಮಾಡಿಬಿಟ್ರೆ ನಿನ್ನ ಹೊರಗೆ ಹಾಕ್ತಾರೆ ಅಂತ ನಾನೇ ಎಲ್ಲ ಹುಡುಕಿ ಕೊಟ್ಟೆ." ಮುಂದಿನದು ಅಳುವಿನಲ್ಲಿ ಕೊಚ್ಚಿಹೋಯಿತು.

ಇವಳು ಅವಳನ್ನು ಅಪ್ಪಿಕೊಂಡು ಕೂತಳು. ತಾನೂ ಅತ್ತಳು, ಮುಚ್ಚಿಡುವುದೇನು. ಕೋಣೆ ಬಿಟ್ಟರೆ ಮಗು ಸೋಲುತ್ತದೆ, ಹಿಡಿದುಕೊಂಡರೆ ಮಗು ಬೇಯುತ್ತದೆ. ಆ ದಿನವೆಲ್ಲ, ಆ ಸಂಜೆಯೆಲ್ಲ ಅದೇ ಯೋಚನೆ. ಗಂಡನೊಡನೆ ಮಾತಾಡಲು ಹೋದರೆ, "ಕೆಲಸದವ್ರನ್ನ ನೋಡೋಣ ಬಿಡು" ಎಂಬ ಹಾರಿಕೆ ಉತ್ತರ. ನೋಡುವುದು ಯಾರು? ಮತ್ತೆ ಇವಳೇ. ಇಷ್ಟಕ್ಕೂ ಇವರಿಗೆ ಕಣ್ಣಿಲ್ಲವೇ, ಕೈಯಿಲ್ಲವೇ? ಕೂಗಿದರೆ ಓ ಎನ್ನುವವರು ಯಾರೂ ಇಲ್ಲದಿದ್ದರೆ ಇವರು ಏನು ಮಾಡುತ್ತಾರೆ? ಅದನ್ನು ಈವರೆಗೆ ಯಾರೂ ನೋಡಿಯೇ ಇರಲಿಲ್ಲ. ಯೋಚಿಸುತ್ತ ಯೋಚಿಸುತ್ತ ಅವಳಿಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು.

ಮರುದಿನ ಬೆಳಿಗ್ಗೆ ಇವಳು ಒಲೆ ಹಚ್ಚಲಿಲ್ಲ. ಚೂಟಿ ಎದ್ದು ಸ್ನಾನ ಮಾಡಿ, ತನ್ನ ಬ್ಯಾಗು ತುಂಬಿಕೊಂಡು, ಅಡುಗೆಮನೆಯ ಕಡೆ ಹೊರಟಳು. ಇವಳು ಅವಳನ್ನು ಹಿಡಿದು ಕೋಣೆಗೆ ಕರೆತಂದು ಚಿಲಕ ಹಾಕಿದಳು.

"ನೀನು ಕೆಲಸ ಬಿಡ್ತೀಯಾ ಅಮ್ಮಾ?"

"ಬಿಡೋದು ನಾನಲ್ಲ ಕಣೆ, ನೀನು. ಬಾ, ಕೂತ್ಕೋ. ಯಾರು ಏನು ಕೇಳಿದ್ರೂ ತುಟಿ ಪಿಟಕ್ ಅನ್ನಬಾರದು. ಇವತ್ತು ಇಬ್ರೂ ಸೇರಿ ಅಭ್ಯಾಸ ಮಾಡೋಣ. ನಾಳೆಯಿಂದ ನಾನಿರಲ್ಲ, ನೀನೊಬ್ಬಳೇ ಸುಮ್ಮನಿರಬೇಕು."

"ಅವ್ರಿಗೆ ಸಿಗದೇ ಇದ್ರೆ?"

"ಅದನ್ನೇ ನೋಡ್ಬೇಕು ನಾನು."

ಹೊರಗೆ ಮನೆ ಎದ್ದಿತು. ಮೊದಲು ಸಾಕ್ಸ್, ಆಮೇಲೆ ಮಾತ್ರೆ. ಕೂಗು ಒಂದರ ಮೇಲೊಂದು ಏರಿತು. ಚೂಟಿ ಎರಡು ಸಲ ಎದ್ದಳು, ಇವಳು ಎರಡು ಸಲವೂ ಕೈ ಹಿಡಿದು ಕೂರಿಸಿದಳು. ಇವಳಿಗೇನು ಸುಲಭವಾಗಿತ್ತೇ? ನಾಲಗೆ ತುದಿಗೆ ಬಂದ ಉತ್ತರವನ್ನು ನುಂಗಿ ನುಂಗಿ ಇವಳ ಕೆನ್ನೆಯೇ ನೋಯುತ್ತಿತ್ತು. ಬೀರುವಿನ ಬಾಗಿಲು ದಡಾರ್ ಎಂದಿತು. ಏನೋ ಉರುಳಿತು. ಗುಂಡ ಅಡುಗೆಮನೆಯಲ್ಲಿ ಯಾವುದೋ ಪಾತ್ರೆ ಬೀಳಿಸಿ, "ಅಜ್ಜಿ, ಮೊಟ್ಟೆ ಎಷ್ಟೊತ್ತು ಬೇಯಿಸ್ಬೇಕು?" ಎಂದು ಕೇಳುವುದು ಕೇಳಿಸಿತು.

"ಕೇಳಿದ್ಯಾ, ಪ್ರಶ್ನೆ ಬೇರೆ ಕಡೆ ಹೋಯ್ತು" ಎಂದು ಇವಳು ಪಿಸುಗುಟ್ಟಿದಳು.

ಆಗ ಗಂಡ ಬಾಗಿಲು ಬಡಿದ. "ಚೂಟೀ! ಏನೇ, ಇಬ್ರೂ ಒಳಗಿದೀರಾ? ನನ್ನ ಕನ್ನಡಕ ಎಲ್ಲಿ? ಹೊತ್ತಾಗ್ತಿದೆ, ಬಸ್ ತಪ್ಪುತ್ತೆ!"

ಚೂಟಿಯ ಇಡೀ ಮೈ ಬಾಗಿಲ ಕಡೆ ಬಾಗಿತು. ಕಣ್ಣಲ್ಲಿ ನೀರು ತುಂಬಿ, ತಾಯಿಯ ಕಿವಿಯಲ್ಲಿ ಉಸುರಿದಳು: "ಅಮ್ಮಾ, ಎಲ್ಲಿದೆ ಅಂತ ನನಗೆ ಗೊತ್ತು."

"ನನಗೂ ಗೊತ್ತು" ಎಂದಳು ಇವಳು. "ಕೂತ್ಕೋ."