ಗೆರೆ ಮುಟ್ಟಿದ ಆರು

ಕುರಿ ಯೋಜನೆಯ ಮೇಲ್ವಿಚಾರಕ ಚಂದ್ರು ಚಿತ್ರದುರ್ಗದಿಂದ ಮಾಡದಕೆರೆಗೆ ಬಂದವನು ಕುರಿ ಕೂಡುವ ರೊಪ್ಪದೊಳಕ್ಕೆ ಕಾಲಿಡಲಿಲ್ಲ. ಬೂಟಿಗೆ ಹಿಕ್ಕೆ ಮೆತ್ತೀತೆಂದು ಬೇಲಿಯಾಚೆಯೇ ಕುರ್ಚಿ ಹಾಕಿಸಿಕೊಂಡ. ಕುರಿಯ ಹೆಸರಿನಲ್ಲಿ ಉಣ್ಣುವವನಿಗೆ ಹಿಕ್ಕೆ ಕಂಡರೆ ಹೇಸಿಗೆಯಂತೆ ಎಂದುಕೊಂಡಳು ರೊಪ್ಪದ ಒಡತಿ ಏಕನಾಥಮ್ಮ.

ಅವನು ಬಂದದ್ದು ಅವಳ ಸೊಸೆ ಯಶೋದಾಳ ಕೆಲಸ ಬಿಡಿಸಲು. ಇಪ್ಪತ್ತು ದಿನಕ್ಕೊಮ್ಮೆ ಊರಿನ ಮರಿಗಳನ್ನು ತೂಗಿ ಬರೆದಿಡುವ ಕೆಲಸ ಅದು. ಅರವತ್ತು ದಿನದ ಮರಿ ಯಶೋದಾಳ ಪುಸ್ತಕದಲ್ಲಿ ಹನ್ನೆರಡು ಕೆಜಿ, ಹೊಳಲ್ಕೆರೆ ಸಂತೆಯ ತಕ್ಕಡಿಯಲ್ಲಿ ಅದೇ ಮರಿ ಒಂಬತ್ತು. ಮರಿ ಮುಟ್ಟದೆ ಮನೆಯಲ್ಲೇ ಕೂತು ಬರೆದಿದ್ದಾಳೆ ಎಂದ ಚಂದ್ರು. ಯಶೋದಾ ತೂಕದ ಪುಸ್ತಕವನ್ನು ಎದೆಗವಚಿಕೊಂಡು ನಿಂತಳು.

ಏಕನಾಥಮ್ಮ ಸೊಸೆ ಬರೆದ ತೂಕಗಳಿಂದ ಮಾಡಿ ಅವನು ಕೈಯಲ್ಲಿ ಹಿಡಿದಿದ್ದ ಗ್ರಾಫ್ ಹಾಳೆ ಕೇಳಿದಳು.

"ತಲೆಕೆಳಗಾಗಿ ಹಿಡೀಬ್ಯಾಡ ಅಜ್ಜಿ" ಎಂದು ನಕ್ಕು ಕೊಟ್ಟ.

ವಯಸ್ಸು ಅರವತ್ತು ದಾಟಿದ ಮೇಲೆ ರಾತ್ರಿ ಶಾಲೆಗೆ ಹೋಗಿ ಕಲಿತವಳು ಅವಳು. ಗ್ರಾಫಿನ ಓರೆಗೆರೆ ಸೊನ್ನೆಯ ಮೇಲೆ ನಿಂತ ಗೆರೆಯನ್ನು ಮುಟ್ಟುವ ಕಡೆ ಸಿಗುವುದೇ ಲೆಕ್ಕದುದ್ದಕ್ಕೂ ಬದಲಾಗದ ಸಂಖ್ಯೆ ಎಂದು ಮೇಷ್ಟ್ರು ಹೇಳಿದ್ದರು. ಹಾಳೆಯಲ್ಲಿ ಮೂರೇ ಚುಕ್ಕಿ: ಇಪ್ಪತ್ತನೇ ದಿನಕ್ಕೆ ಎಂಟು, ನಲವತ್ತಕ್ಕೆ ಹತ್ತು, ಅರವತ್ತಕ್ಕೆ ಹನ್ನೆರಡು. ನೆಟ್ಟಗಿದ್ದ ಕಡ್ಡಿಯೊಂದನ್ನು ಚುಕ್ಕಿಗಳ ಮೇಲಿಟ್ಟು ಹಿಂದಕ್ಕೆ ಸರಿಸಿದಳು. ಸೊನ್ನೆ ದಿನದ ಗೆರೆಯನ್ನು ಅದು ಆರರಲ್ಲಿ ಮುಟ್ಟಿತು.

"ಹುಟ್ಟಿದ ದಿನವೇ ಆರು ಕೆಜಿ ಅಂತೈತೆ ನಿಮ್ ಹಾಳೆ. ನಮ್ ಕುರಿ ಆನೆಮರಿ ಹಾಕ್ತಾವೇನ್ರಿ?"

ಗ್ರಾಫನ್ನು ಹಾಗೆಲ್ಲ ಹಿಂದಕ್ಕೆ ಎಳೆಯಬಾರದು ಎಂದು ಅವನು ಗೊಣಗಿದ. ಎಳೆಯಬಾರದೆಂದು ಹೇಳುವಷ್ಟು ಓದಿದ್ದಾನೆ, ಎಳೆದು ನೋಡುವಷ್ಟು ಓದಿಲ್ಲ ಎನಿಸಿತು ಅವಳಿಗೆ.

"ಸುಳ್ಳು ಬರೆದಿದ್ರೆ ಹುಟ್ಟಿದ ದಿನಕ್ಕೂ ಅರವತ್ತಕ್ಕೂ ಒಂದೇ ಸಮ ಮೂರು ಕೆಜಿ ಜಾಸ್ತಿ ಬರ್ತಿರಲಿಲ್ಲ. ದಿನಕ್ಕೆ ನೂರು ಗ್ರಾಂ ಬೆಳೆದಿರೋದು ದಿಟ. ಹುಟ್ಟಿದ ಮರಿ ಮೂರು ಕೆಜಿ. ಉಳಿದ ಮೂರು ಏನು ಅಂತ ಒಳಕ್ಕೆ ಬಂದು ನೀವೇ ಓದ್ರಿ."

ರೊಪ್ಪದ ಗೂಟಕ್ಕೆ ಕೊಕ್ಕೆ ತಕ್ಕಡಿ ನೇತಾಡುತ್ತಿತ್ತು. ಮರಿ ಕೂರಿಸುವ ಕಬ್ಬಿಣದ ಬುಟ್ಟಿಯನ್ನು ಅವಳು ಬರಿದಾಗಿಯೇ ಅದಕ್ಕೆ ಸಿಕ್ಕಿಸಿದಳು. ಬೇಲಿಯಾಚೆಗೆ ತಕ್ಕಡಿಯ ಮುಳ್ಳು ಕಾಣುವಂತಿರಲಿಲ್ಲ. ಚಂದ್ರು ಹಿಕ್ಕೆ ತುಳಿದುಕೊಂಡೇ ಬಂದು ನೋಡಿದ. ಮೂರು.

ಬುಟ್ಟಿ ಕಳಿಸಿದ್ದು ಅವನದೇ ಕಚೇರಿ. ಮರಿಯನ್ನು ಅದರಲ್ಲಿ ಕೂರಿಸಿ, ಮುಳ್ಳು ತೋರಿದ್ದನ್ನು ಬರೆಯಿರಿ ಎಂಬ ಚೀಟಿಯ ಕೆಳಗೆ ಅವನದೇ ಸಹಿ. ಬುಟ್ಟಿಯ ತೂಕ ಕಳೆಯಿರಿ ಎಂಬ ಮಾತು ಅದರಲ್ಲಿರಲಿಲ್ಲ. ಯಶೋದಾ ಆ ಚೀಟಿಯನ್ನು ಪುಸ್ತಕದಿಂದ ತೆಗೆದು ಅವನ ಮುಂದೆ ಹಿಡಿದಳು.

ಯಶೋದಾಳೇ ತೂಗಲಿ, ಇನ್ನು ಮೂರು ಕಳೆದು ಬರೆಯಲಿ ಎಂದು ಅವನು ಬಾಯಲ್ಲಿ ಹೇಳಿದ. ಏಕನಾಥಮ್ಮ ಬಾಯಿಮಾತಿಗೆ ಬಿಡದೆ ಹಾಳೆಯ ಮೇಲೆ ಬರೆಸಿ ಸಹಿ ಹಾಕಿಸಿಕೊಂಡಳು. ಆಮೇಲೆ ಅವನು ಬೂಟು ತೊಳೆಯಲು ನೀರು ಕೇಳಿದ. ಅವಳು ಕುರಿ ಕುಡಿಯುವ ತೊಟ್ಟಿಯನ್ನು ಗದ್ದದಲ್ಲೇ ತೋರಿಸಿದಳು.