ಹೊರಟವರನ್ನು ಕೇಳಬಾರದ ಮಾತು

ಮನೆಯಿಂದ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೈಗೂಡುವುದಿಲ್ಲ. ಯಾರಾದರೂ ಬಾಯಿ ತಪ್ಪಿ ಕೇಳಿಬಿಟ್ಟರೆ, ಹೊರಟವರು ಒಳಗೆ ಬಂದು ಕೂತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡಬೇಕು. ನಮ್ಮ ಕಡೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಮಕ್ಕಳು ಒಂದೆರಡು ಸಲ ಬೈಸಿಕೊಂಡು ತಾವೇ ಕಲಿಯುತ್ತವೆ. ತಿಳಿಯಲೇಬೇಕೆಂದಿದ್ದರೆ "ದೂರ ಹೊರಟ್ರಾ?" ಎನ್ನಬಹುದು. ಅವರು "ಊಂ" ಎಂದರೆ ಅಲ್ಲಿಗೆ ಮಾತು ಮುಗಿಯಿತು. ಮಿಕ್ಕಿದ್ದು ದೇವರಿಗೂ ದಾರಿಗೂ ಬಿಟ್ಟದ್ದು.

ಮಂಡ್ಯದ ವಿಶ್ವವಿದ್ಯಾಲಯದ ಹಿಂದಿನ ಗೇಟಿಗೆ ಅಂಟಿಕೊಂಡಂತಿರುವ ಬೀದಿಯಲ್ಲಿ ಈ ಮಾತನ್ನು ಎಲ್ಲರಿಗಿಂತ ಕಟ್ಟುನಿಟ್ಟಾಗಿ ನಡೆಸಿಕೊಂಡು ಬಂದವಳು ಹೊಂಬಾಳಮ್ಮ. ಹಾಸ್ಟೆಲಿನ ಹುಡುಗರಿಗೆ ಮುದ್ದೆ ಕಟ್ಟಿ ಕಟ್ಟಿ ಅಂಗೈ ಒರಟಾದ ಹೆಂಗಸು. ಗಂಡ ತೀರಿಕೊಂಡ ಮೇಲೆ ಅವಳೂ ಮಗಳು ದೀಪಿಕಳೂ ಅಲ್ಲೇ ಒಂದು ಹೆಂಚಿನ ಮನೆಯಲ್ಲಿದ್ದರು. ದೀಪಿಕ ಅದೇ ವಿಶ್ವವಿದ್ಯಾಲಯದಲ್ಲಿ ಗಣಿತದ ಅತಿಥಿ ಉಪನ್ಯಾಸಕಿ. ಮನೆಯಿಂದ ತರಗತಿಗೆ ಒಂದು ಎಲೆಯಡಿಕೆ ಅಗಿದು ಮುಗಿಸುವಷ್ಟು ದಾರಿ. ಆ ಬೀದಿಯಲ್ಲಿ ಎಲ್ಲವೂ ಅಷ್ಟರಲ್ಲೇ ಇತ್ತು: ಬೇವಿನ ಮರದಡಿಯ ಪಟ್ಟಲದಮ್ಮನ ಗುಡಿ, ರೂಪಳ ಜೆರಾಕ್ಸ್ ಅಂಗಡಿ, ಬೀದಿಯ ಕೊನೆಗೆ ನಯಾಜ್ ಪಾಷಾನ ವೆಲ್ಡಿಂಗ್ ಅಂಗಡಿ, ಅದನ್ನು ದಾಟಿದರೆ ಬಸ್ಸು ನಿಲ್ಲುವ ರಸ್ತೆ. ಸಕ್ಕರೆ ಕಾರ್ಖಾನೆ ನಡೆಯುವ ಕಾಲದಲ್ಲಿ ಕಾಕಂಬಿಯ ವಾಸನೆಯೂ ಅಲ್ಲಿಯವರೆಗೆ ನಡೆದು ಬರುತ್ತಿತ್ತು.

ಹೊಂಬಾಳಮ್ಮನಿಗೆ ಮರೆವು ಹಿಡಿದು ಕೆಲವು ವರ್ಷಗಳಾಗಿದ್ದವು. ಮೊದಲು ಉಪ್ಪು ಹಾಕಿದ್ದು ಮರೆತಳು. ಆಮೇಲೆ ಹಾಸ್ಟೆಲಿನ ಕೆಲಸ ಬಿಟ್ಟದ್ದನ್ನು ಮರೆತು ನಸುಕಿಗೇ ಮುದ್ದೆ ತಿರುವುವ ಹಿಟ್ಟಿನ ಕೋಲು ಹುಡುಕತೊಡಗಿದಳು. ಡಾಕ್ಟರು, "ಬಾಗಿಲು ಭದ್ರ ಮಾಡಿಕೊಳ್ಳಿ, ಹೊರಗೆ ಬಿಡಬೇಡಿ" ಎಂದಿದ್ದರು. ಅದು ಆ ಮರೆವಿನಲ್ಲೂ ಅವಳ ಮನಸ್ಸಿಗೆ ತಾಗಿತ್ತು. ಅಲ್ಲಿಂದ ನೇರ ಪಟ್ಟಲದಮ್ಮನ ಗುಡಿಗೆ ಮಗಳನ್ನು ಎಳೆದುಕೊಂಡು ಹೋಗಿ, ಕುಂಕುಮದ ಬಟ್ಟಲ ಮೇಲೆ ಅವಳ ಕೈ ಇರಿಸಿದ್ದಳು.

"ನನ್ನ ದನ ಕೂಡ್ದಂಗೆ ಕೂಡಾಕ್ಬೇಡ ಕಣವ್ವ. ನಾನು ಯಾವತ್ತೂ ಕದ ಆಕ್ದ ಮನೇಲಿ ಕುಂತೋಳಲ್ಲ. ಅಮ್ಮನ ಮುಂದೆ ಮಾತು ಕೊಡು."

"ಕೂಡಾಕಲ್ಲ ಕಣವ್ವ," ಎಂದಿದ್ದಳು ದೀಪಿಕ.

ಅಂದಿನಿಂದ ಆ ಮನೆಯ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ಕಾಯುವುದಕ್ಕೆ ಬೀದಿ ಇತ್ತಲ್ಲ. ಹೊಂಬಾಳಮ್ಮ ಗುಡಿಯತ್ತ ಬಂದರೆ ಅಲ್ಲಿ ದೀಪ ಹಚ್ಚುವ ಕೆಂಪಸಿದ್ದಯ್ಯ ವಿಭೂತಿ ಕೊಟ್ಟು, "ದೀಪಿಕ ಬರೋ ವೊತ್ತಾಯ್ತು, ಮನೆಗ್ ನಡಿ" ಎನ್ನುತ್ತಿದ್ದ. ಜೆರಾಕ್ಸ್ ಅಂಗಡಿಯ ಮುಂದೆ ನಿಂತರೆ ರೂಪ ಸ್ಟೂಲು ಎಳೆದು ಕೊಡುತ್ತಿದ್ದಳು. ವೆಲ್ಡಿಂಗ್ ಅಂಗಡಿವರೆಗೂ ಬಂದುಬಿಟ್ಟರೆ ನಯಾಜ್ ಕಣ್ಣಿನ ಕಪ್ಪು ಗಾಜು ಸರಿಸಿ, "ಹೊಂಬಾಳಕ್ಕ, ಕಿಡಿ ಹಾರ್ತದೆ, ಇತ್ತಗೆ ಬರ್ಬೇಡ. ನಿನ್ನ ಸೀರೆ ಸುಟ್ರೆ ನಿನ್ನ ಮಗಳು ನನ್ನ ಸುಟ್ಬುಡ್ತಾಳೆ" ಎಂದು ನಗಿಸಿ ತಿರುಗಿಸುತ್ತಿದ್ದ. ದೀಪಿಕ ಎರಡು ತರಗತಿಗಳ ನಡುವೆ ಓಡಿ ಬಂದು ನೋಡಿ ಹೋಗುತ್ತಿದ್ದಳು. ದೇವರು ಒಂದು ಬಾಗಿಲು ಮುಚ್ಚುವ ಮೊದಲು ಒಂದು ಬೀದಿಯನ್ನೇ ಕೊಟ್ಟಿದ್ದಾನೆ ಎಂದು ಅವಳು ನಂಬಿದ್ದಳು.

ಆ ವರ್ಷ ಬಿಸಿಲು ಏರತೊಡಗಿದಾಗ ಒಂದು ಬೆಳಿಗ್ಗೆ ಹೊಂಬಾಳಮ್ಮ ತಾನೇ ತಲೆಗೆ ನೀರು ಹಾಕಿಕೊಂಡು, ಪೆಟ್ಟಿಗೆಯಿಂದ ಹಸಿರು ರೇಷ್ಮೆ ಸೀರೆ ತೆಗೆದು ಉಟ್ಟಳು. ಬಟ್ಟೆಯ ಚೀಲಕ್ಕೆ ಬೆಲ್ಲ, ಹುರಿಗಡಲೆ, ಒಂದು ತೆಂಗಿನಕಾಯಿ ಹಾಕಿಕೊಂಡಳು. ಮಳವಳ್ಳಿ ತಾಲೂಕಿನ ಪೂರಿಗಾಲಿ ಅವಳ ತವರು. ಅಲ್ಲಿಯ ಮಾರಿಹಬ್ಬಕ್ಕೆ ತಂಬಿಟ್ಟಿನ ಆರತಿ ಹೊರಲು ಮನೆಯ ಹೆಣ್ಣುಮಕ್ಕಳೆಲ್ಲ ಹೋಗಬೇಕು. ಅಣ್ಣ ಮಾದಯ್ಯ ಕಾಯುತ್ತಿರುತ್ತಾನೆ. ಹೀಗೆಂದು ಅವಳ ಮನಸ್ಸು ಅವಳಿಗೆ ಹೇಳಿತು. ಮಾದಯ್ಯ ಸತ್ತು ಎಷ್ಟೋ ಕಾಲವಾಗಿತ್ತು. ಮನೆ ಮಾರಿ ಹೋಗಿತ್ತು. ಮನಸ್ಸು ಅದನ್ನು ಹೇಳಲಿಲ್ಲ.

ಕೆಂಪಸಿದ್ದಯ್ಯ ನೋಡಿದ. ಎಣ್ಣೆ ಹಚ್ಚಿ ಬಾಚಿದ ತಲೆ, ಮಡಿಕೆ ಮುರಿಯದ ಸೀರೆ, ಕೈಯಲ್ಲಿ ಚೀಲ. ಯಾವತ್ತಿನ ಅಲೆದಾಟವಲ್ಲ, ಹೊರಟ ಹೆಜ್ಜೆ. "ದೂರ ಹೊಂಟ್ಯಾ ತಾಯಿ?" ಎಂದ. "ಊಂ" ಎಂದಳು. ರೂಪ ನೋಡಿದಳು. ಮಗಳು ಮುಂದೆ ಹೋಗಿ ಬಸ್ಸಿಗೆ ನಿಂತಿರಬೇಕು ಎಂದುಕೊಂಡಳು. "ಸೀರೆ ಚೆನ್ನಾಗದೆ ಅಮ್ಮ" ಎಂದಳು. ನಯಾಜ್ ಕಪ್ಪು ಗಾಜು ಸರಿಸಿ ನೋಡಿ, ಹೊರಟವಳನ್ನು ತಡೆಯಬಾರದೆಂದು ಕೈಯಲ್ಲಿದ್ದ ಕಿಡಿಯನ್ನೇ ನಿಲ್ಲಿಸಿ ದಾರಿ ಬಿಟ್ಟ.

ಬಸ್ಸಿನಲ್ಲಿ ಹೆಂಗಸರು ಟಿಕೆಟಿಗೆ ಕಾಸು ಕೊಡಬೇಕಿಲ್ಲ. ಆಧಾರ್ ಕಾರ್ಡು ಅವಳ ಎಲೆಯಡಿಕೆ ಸಂಚಿಯಲ್ಲೇ ಇತ್ತು.

ಬಿಡುವಿನಲ್ಲಿ ದೀಪಿಕ ಮನೆಗೆ ಬಂದಾಗ ಬಾಗಿಲು ತೆರೆದಿತ್ತು, ಪೆಟ್ಟಿಗೆಯೂ ತೆರೆದಿತ್ತು. ಗುಡಿಗೆ ಓಡಿದಳು. ಜೆರಾಕ್ಸ್ ಅಂಗಡಿಗೆ ಓಡಿದಳು, ಅಲ್ಲಿಗೆ ನಯಾಜೂ ಬಂದ. ಎಲ್ಲರೂ ನೋಡಿದ್ದರು.

"ಎಲ್ಲಿಗೆ ಅಂತ ಒಬ್ರೂ ಕೇಳ್ಲಿಲ್ವಾ?" ಎಂದಳು.

ರೂಪ ತಲೆ ತಗ್ಗಿಸಿದಳು. ನಯಾಜ್ ಕೈಯ ಮಸಿಯನ್ನು ಒರೆಸುತ್ತಲೇ ಇದ್ದ. "ಹೊರಟಿರೋರ್ನ ಹೆಂಗವ್ವ ಕೇಳೋದು?" ಎಂದ. "ಅದ್ನ ನನಗೆ ಕಲ್ಸಿದ್ದೇ ನಿಮ್ಮವ್ವ. ಒಂದ್ಸಲ ಕೇಳ್ಬುಟ್ಟು ಅವ್ರ ಕೈಲಿ ಬೈಸ್ಕಂಡಿದ್ದೆ."

ದೀಪಿಕ ಮನೆಯತ್ತ ತಿರುಗಿದಳು. ತಾನಾಗಿದ್ದರೂ ಕೇಳುತ್ತಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅಡುಗೆಮನೆಯಲ್ಲಿ ಬೆಲ್ಲ ಹುರಿಗಡಲೆ ಇಲ್ಲದ್ದನ್ನು ಕಂಡು ಅವಳಿಗೆ ಅವ್ವನ ತವರಿನ ದಾರಿ ಹೊಳೆಯಿತು. ಡಬ್ಬಿಗಳು ಬಾಯಿ ತೆರೆದುಕೊಂಡಿದ್ದವು. ನಯಾಜ್ ಬೈಕು ತೆಗೆದ, ದೀಪಿಕ ಹಿಂದೆ ಕೂತಳು. ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಹುಡುಕಿ, ಅಲ್ಲಿ ಕಾಣದೆ, ಪೂರಿಗಾಲಿ ಮುಟ್ಟುವಾಗ ಹೊತ್ತು ಇಳಿದಿತ್ತು.

ಮಾದಯ್ಯನ ಮನೆ ಇದ್ದ ಜಾಗದಲ್ಲಿ ಬೇರೆ ಯಾರೋ ತಾರಸಿ ಮನೆ ಕಟ್ಟಿದ್ದರು. ಅದರ ಜಗಲಿಯ ಮೇಲೆ ಹೊಂಬಾಳಮ್ಮ ತಲೆಗೂದಲು ಬಿಚ್ಚಿಕೊಂಡು ಕೂತಿದ್ದಳು. ಹಸಿರು ಸೀರೆಯ ತುಂಬ ಮಣ್ಣು. ಆ ಮನೆಯ ಹೆಂಗಸು ಗಾಬರಿಯಲ್ಲಿ ಹೇಳಿದಳು:

"ಬಂದೋರು ಬಂದಂಗೆ ಜಗಲಿ ಮೇಲೆ ಕುಂತ್ರು. ನೀರ್ ಕೊಟ್ಟೊ. ನಮ್ಮಣ್ಣ ಮಾದಯ್ಯ ಎಲ್ಲಿ ಅಂದ್ರು. ಅವ್ನು ಸತ್ತೋಗಿ ಕಾಲ ಆಯ್ತಲ್ಲವ್ವ ಅಂತ ನಾನೇ ಬಾಯ್ಬುಟ್ಟೆ. ಆಗ್ಲಿಂದ ಇಂಗೇ ಕಣವ್ವ. ಬಾಯಿಗೆ ಬೀಗ ಆಕೊಂಡಿರ್ಬೇಕಿತ್ತು ನಾನು."

ಹೊಂಬಾಳಮ್ಮ ಮಗಳನ್ನು ಕಂಡು ಎದೆ ಬಡಿದುಕೊಂಡಳು. "ಮಣ್ಣಿಗೂ ಕರೀಲಿಲ್ವಲ್ಲೇ ನನ್ನ! ಒಡುಟ್ದೋಳು ಬದುಕಿದ್ದೂ ಒಂದಿಡಿ ಮಣ್ಣಾಕ್ದಂಗಾಯ್ತಲ್ಲೇ!"

ಅಣ್ಣನ ಮಣ್ಣಿಗೆ ಅವಳು ಹೋಗಿದ್ದಳು. ಮೊದಲ ಹಿಡಿಯನ್ನು ಅವಳೇ ಹಾಕಿದ್ದಳು. ಪಕ್ಕದಲ್ಲಿ ದೀಪಿಕ ನಿಂತಿದ್ದಳು. ಈಗ ಅದನ್ನು ಹೇಳಿ ಪ್ರಯೋಜನವಿರಲಿಲ್ಲ.

ರಾತ್ರಿಯೇ ಅವಳನ್ನು ಮನೆಗೆ ಕರೆತಂದರು. ಬೆಳಗಾಗುವಷ್ಟರಲ್ಲಿ ಅಳು ಮರೆತುಹೋಗಿತ್ತು, ಸಾವೂ ಮರೆತುಹೋಗಿತ್ತು. ಹಬ್ಬ ಮಾತ್ರ ಉಳಿದಿತ್ತು. ಹೊಂಬಾಳಮ್ಮ ಮತ್ತೆ ತಲೆಗೆ ನೀರು ಹಾಕಿಕೊಂಡು ಚೀಲ ಹಿಡಿದಳು. ದೀಪಿಕ ಅಡ್ಡ ನಿಂತು, "ಅವ್ವ, ಮಾವ ಇಲ್ಲ ಕಣವ್ವ" ಎಂದಳು. ಹೊಂಬಾಳಮ್ಮ ನೆಲಕ್ಕೆ ಕುಸಿದಳು. ಅದೇ ಎದೆಬಡಿತ, ಅದೇ ಮಣ್ಣಿನ ಮಾತು. ಮರುದಿನವೂ ಅದೇ ಆಯಿತು. ಸತ್ತವನು ದಿನವೂ ಹೊಸದಾಗಿ ಸಾಯುತ್ತಿದ್ದ. ದಿನವೂ ಅವನನ್ನು ಕೊಲ್ಲುವ ಬಾಯಿ ತನ್ನದಾಗಬೇಕಾಗಿ ಬಂದಾಗ ದೀಪಿಕ ಆ ಮಾತು ನಿಲ್ಲಿಸಿದಳು.

ಉಪಾಯ ಹೊಳೆದದ್ದು ರೂಪಳಿಗೆ. "ಅಕ್ಕ, ಹೊರಟ ತಕ್ಷಣ ನಾವೇ ಎಲ್ಲಿಗೆ ಅಂತ ಕೇಳ್ಬುಡಾಣ. ಶಾಸ್ತ್ರ ಬಿಡೋರಲ್ಲ, ವಾಪಸ್ ಬಂದೇ ಬತ್ತಾರೆ."

ಹಾಗೇ ಆಯಿತು. ಹೊಂಬಾಳಮ್ಮ ಹೊಸಿಲು ದಾಟಿದರೆ ಕೆಂಪಸಿದ್ದಯ್ಯ ಗುಡಿಯಿಂದಲೇ ಕೂಗುತ್ತಿದ್ದ, "ಎಲ್ಲಿಗ್ ತಾಯಿ?" ಅವಳು ಗಕ್ಕನೆ ನಿಂತು, "ನಿನ್ನ ಬಾಯಿಗೆ ಮಣ್ಣಾಕ! ದೇವ್ರ ಮುಂದೆ ಕುಂತು ಅಪಸಕುನ ನುಡೀತೀಯಲ್ಲ" ಎಂದು ಬೈದು ಒಳಗೆ ಹೋಗಿ, ನೀರು ಕುಡಿದು ಕೂರುತ್ತಿದ್ದಳು. ಕೂತವಳು ಹೊರಟಿದ್ದನ್ನೇ ಮರೆಯುತ್ತಿದ್ದಳು. ನೆನಪಾಗಿ ಮತ್ತೆ ಹೊರಟರೆ ರೂಪ ಇದ್ದಳು, ರೂಪ ತಪ್ಪಿದರೆ ನಯಾಜ್ ಇದ್ದ. ಗೇಟಿನ ಬಳಿ ಚಹಾ ಕುಡಿಯುವ ವಿದ್ಯಾರ್ಥಿಗಳೂ ಕಲಿತರು. "ಎಲ್ಲಿಗಜ್ಜಿ?" ಎಂದು ಅವರು ಕೇಳುವಾಗ ಸ್ವಲ್ಪ ನಗುವೂ ಸೇರಿರುತ್ತಿತ್ತು. ಆ ದಿನಗಳಲ್ಲಿ ದೀಪಿಕ ಪಟ್ಟಲದಮ್ಮನಿಗೆ ಎರಡು ಬತ್ತಿ ಹೆಚ್ಚು ಹಚ್ಚಿದಳು.

ಆದರೆ ಮರೆತ ಮನಸ್ಸಿಗೂ ಒಂದು ಕಡೆ ಗಾಯದ ಲೆಕ್ಕ ಇರುತ್ತದೋ ಏನೋ. ಯಾರು ಏನೆಂದರು ಎಂಬುದು ಅಳಿಸಿಹೋಗುತ್ತಿತ್ತು; ಅವಮಾನ ಮಾತ್ರ ಮೈಯಲ್ಲಿ ಉಳಿಯುತ್ತಿತ್ತು. ಹೊಂಬಾಳಮ್ಮ ಕೆಂಪಸಿದ್ದಯ್ಯನ ವಿಭೂತಿ ಬೇಡವೆಂದಳು. ರೂಪ ಎಳೆದುಕೊಟ್ಟ ಸ್ಟೂಲಿನಿಂದ ಹಿಂದೆ ಸರಿದಳು. ಒಂದು ಮಧ್ಯಾಹ್ನ ದೀಪಿಕ ತರಗತಿ ಮುಗಿಸಿ ಬರುವಾಗ ಅವ್ವ ಬೀದಿಯ ನಡುವೆ ಚೀಲ ಅವಚಿಕೊಂಡು ನಡುಗುತ್ತಿದ್ದಳು. ಎದುರಿಗೆ ನಯಾಜ್ ಎರಡೂ ಕೈ ಮುಗಿದು ನಿಂತಿದ್ದ.

"ಇವ್ರೆಲ್ಲ ಸೇರ್ಕಂಡು ನನ್ನ ದಾರಿ ಕಟ್ತಾವ್ರೆ ಕಣವ್ವ," ಎಂದಳು ಹೊಂಬಾಳಮ್ಮ, ಮಗಳ ಬೆನ್ನ ಹಿಂದೆ ಅಡಗಿ. "ನಾನೇನ್ ಮಾಡ್ದೆ ಇವ್ರಿಗೆ? ಯಾವೂರಿನ ಜನ ಇವ್ರು?"

ನಯಾಜ್ ಗಾಜು ಕಣ್ಣಿಗೆಳೆದುಕೊಂಡು ಅಂಗಡಿಯೊಳಗೆ ಹೋದ. ಆ ದಿನ ಅಲ್ಲಿಂದ ಕಿಡಿ ಹಾರಲಿಲ್ಲ.

ಸಂಜೆ ದೀಪಿಕ ಗುಡಿಯಲ್ಲಿ ಬಹಳ ಹೊತ್ತು ಕೂತಳು. ಕೈ ಇರಿಸಿದ್ದ ಕುಂಕುಮದ ಬಟ್ಟಲು ಅಲ್ಲೇ ಇತ್ತು. ಪಟ್ಟಲದಮ್ಮನ ಬೆಳ್ಳಿಯ ಕಣ್ಣು ಎಂದಿನಂತೆ ನೋಡುತ್ತಿತ್ತು. ಆ ಕಣ್ಣಿನಲ್ಲಿ ಅಪ್ಪಣೆಯಿರಲಿಲ್ಲ, ತಡೆಯೂ ಇರಲಿಲ್ಲ. ಎದ್ದು ವೆಲ್ಡಿಂಗ್ ಅಂಗಡಿಗೆ ಹೋದಳು.

"ನಯಾಜಣ್ಣ, ನಮ್ಮನೆ ಬಾಗ್ಲಿಗೆ ಒಂದು ಗ್ರಿಲ್ಲು ಬೇಕು."

"ಬೇರೆ ಯಾರ್ ಕೈಲಾದ್ರೂ ಮಾಡ್ಸವ್ವ," ಎಂದ.

"ಬೇರೆಯೋರು ಸರಳು ಒತ್ತೊತ್ತಾಗಿ ಹಾಕ್ತಾರೆ. ನೀನಾದ್ರೆ ಅವ್ವನ ಕೈ ಆಚೆ ಬರೋಷ್ಟು ಜಾಗ ಬಿಡ್ತೀಯ."

ಅವನು ಹಾಗೇ ಮಾಡಿದ. ಗ್ರಿಲ್ಲು ಕೂರಿಸುವಾಗ ಹೊಂಬಾಳಮ್ಮ ಪಕ್ಕದಲ್ಲೇ ನಿಂತು, ಮದುವೆ ಮನೆಯ ಚಪ್ಪರ ನೋಡುವವಳಂತೆ ಮೇಲೆ ಕೆಳಗೆ ನೋಡಿ, "ಯಾರ ಮನೆಗಪ್ಪ ಇದು?" ಎಂದಳು. ನಯಾಜ್ ಬಗ್ಗಿ ಕೊನೆಯ ಬೋಲ್ಟು ಬಿಗಿದ.

ಮಾರನೆಯ ಬೆಳಿಗ್ಗೆ ದೀಪಿಕ ಬ್ಯಾಗು ಹೆಗಲಿಗೇರಿಸಿ, ಹೊರಗಿನಿಂದ ಬೀಗ ಹಾಕಿ ಮೆಟ್ಟಿಲು ಇಳಿದಳು. ಹೊಂಬಾಳಮ್ಮ ಹಸಿರು ಸೀರೆಯಲ್ಲಿ ಸರಳು ಹಿಡಿದು ನಿಂತಿದ್ದಳು. ಬೀದಿಯಲ್ಲಿ ವಿದ್ಯಾರ್ಥಿಗಳು ಹೋಗುತ್ತಿದ್ದರು. ಗುಡಿಯ ಗಂಟೆ ಒಮ್ಮೆ ಸದ್ದು ಮಾಡಿ ನಿಂತಿತು.

"ಎಲ್ಲಿಗವ್ವ ಓಯ್ತಿದ್ದೀಯ?"

ಅವ್ವನ ಬಾಯಿಂದ ಆ ಮಾತು ಬಂದದ್ದನ್ನು ದೀಪಿಕ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವಳು ತಿರುಗಿ ಬಂದಳು. ಬೀಗ ತೆಗೆದು ಒಳಗೆ ಹೋಗಿ ಕೂತು, ಒಂದು ಲೋಟ ನೀರು ಕುಡಿದಳು. ಹೊಂಬಾಳಮ್ಮ ಎದುರು ಕೂತು ಅವಳ ಗಂಟಲಲ್ಲಿ ನೀರು ಇಳಿಯುವುದನ್ನೇ ನೋಡಿ, "ಈಗ ಒರಡು. ಒಳ್ಳೇದಾಯ್ತದೆ" ಎಂದಳು.

ದೀಪಿಕ ಹೊರಗೆ ಬಂದು ಬೀಗ ಹಾಕಿದಳು. ಸರಳಿನ ನಡುವಿನಿಂದ ಒರಟು ಕೈಯೊಂದು ಬಂದು ಅವಳ ಸೆರಗು ಹಿಡಿಯಿತು.

"ಎಲ್ಲಿಗವ್ವ?"

ಗೇಟಿನಾಚೆ ಮೊದಲ ತರಗತಿಯ ಬೆಲ್ಲು ಹೊಡೆಯಿತು. ದೀಪಿಕ ಮತ್ತೆ ಬೀಗ ತೆಗೆದು ಒಳಗೆ ಹೋಗಿ, ಬಿಂದಿಗೆಯಿಂದ ಇನ್ನೊಂದು ಲೋಟ ನೀರು ಬಗ್ಗಿಸಿಕೊಂಡಳು.