ಕನ್ನಡಿಯ ಮೇಲೆ ಬಿದ್ದ ನಗು

ನನ್ನ ಚಿಕ್ಕಮ್ಮ ಯಾರೊಡನೆಯೂ ಮುಖ ಕೊಟ್ಟು ಮಾತನಾಡಿದವಳಲ್ಲ. ಎದುರಿಗೆ ಕುಳಿತು ಕ್ಷೇಮಸಮಾಚಾರ ಕೇಳಿದರೆ ಉತ್ತರ ಕಿಟಕಿಗೋ ಗೋಡೆಗೋ ಸಲ್ಲುತ್ತಿತ್ತು. ಬಾಯಿ ತೆರೆಯುವ ಮುನ್ನ ಕತ್ತು ತಾನಾಗಿ ಎಡಕ್ಕೆ ಹೊರಳುತ್ತಿತ್ತು. ಬಂಧುಗಳ ಪಾಲಿಗೆ ಅದು ಶುದ್ಧ ಬಿಗುಮಾನ. "ದೊಡ್ಡ ಕೆಲಸ ನೋಡಿ, ನಾವೆಲ್ಲಿ ಕಣ್ಣಿಗೆ ಕಾಣ್ತೀವಿ!" ಎಂದು ಸೋದರತ್ತೆ ಮೂಗು ಮುರಿಯುತ್ತಿದ್ದರು.

ಕೆಲಸವೇನೋ ದೊಡ್ಡದೇ. ವಿಮಾನ ಯಾವ ಕಡೆಗೆ ಎಷ್ಟು ಹೊರಳಿತೆಂದು ತಿಳಿಸುವ ಲೇಸರ್ ಗೈರೋಸ್ಕೋಪಿಗೆ ಆಕೆ ಕನ್ನಡಿ ಉಜ್ಜಿ ನಯಗೊಳಿಸುತ್ತಿದ್ದಳು. ಮೂರು ಕನ್ನಡಿಗಳ ನಡುವೆ ಎರಡು ಬೆಳಕುಗಳು ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತವೆ. ಕನ್ನಡಿಯ ಮೈ ಕೂದಲೆಳೆಯ ಲಕ್ಷದಲ್ಲೊಂದು ಪಾಲು ಒರಟಾದರೂ ಬೆಳಕು ಚೆದರಿ, ಎರಡೂ ಬೆಳಕುಗಳು ಒಂದಕ್ಕೊಂದು ಅಂಟಿಕೊಂಡು, ವಿಮಾನ ಮೆಲ್ಲಗೆ ಹೊರಳಿದಾಗ ಉಪಕರಣ ಹೊರಳಲೇ ಇಲ್ಲವೆಂದು ಸಾಧಿಸುತ್ತದೆ. ಧೂಳಿನ ಒಂದು ಕಣವೂ ಆ ಮೈಗೆ ಗೀರು ಹಾಕಬಲ್ಲದು. ಹಾಗಾಗಿಯೇ ಚಿಕ್ಕಮ್ಮ ಮನೆಯಲ್ಲೂ ಗಾಳಿ ಏಳದಂತೆ ನಡೆಯುತ್ತಿದ್ದಳು, ತನ್ನ ಬಿಳಿಯ ಕೋಟನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಕತ್ತಿನ ಕಥೆ ನನಗೆ ತಿಳಿದದ್ದು ಆಕೆಯ ನಿವೃತ್ತಿಯ ದಿನ. ಬೀಳ್ಕೊಡುಗೆ ಸಭೆಯಲ್ಲಿ, ಉಜ್ಜಿದ ಕನ್ನಡಿಗಳಿಗೆ ಬೆಳಕು ಪ್ರತಿಫಲಿಸುವ ಲೇಪನ ಹಾಕುತ್ತಿದ್ದ ಹಿರಿಯರೊಬ್ಬರು ಮಾತನಾಡಲು ಎದ್ದು ನಿಂತರು. ಬಹಳ ಹಿಂದೆ ಒಂದು ಗೈರೋಸ್ಕೋಪ್ ನಿಧಾನದ ತಿರುವನ್ನು ಗುರುತಿಸದೆ ಪರೀಕ್ಷೆಯಲ್ಲಿ ಸೋತಿತ್ತಂತೆ. ಲೇಪನವೇ ಕೆಟ್ಟದ್ದೆಂದು ತೀರ್ಮಾನವಾಗಿ, ಇವರನ್ನು ಕೆಲಸದಿಂದ ತೆಗೆಯುವ ಪತ್ರ ಸಿದ್ಧವಾಗಿತ್ತಂತೆ. ಆಗ ಚಿಕ್ಕಮ್ಮ ಮುಖ್ಯಸ್ಥರ ಕೋಣೆಗೆ ತಾನಾಗಿ ಹೋದಳು.

"ಸರ್, ತಪ್ಪು ಲೇಪನದವರದಲ್ಲ. ಆ ಕನ್ನಡಿ ಮೇಲೆ ನಾನು ನಕ್ಕಿದ್ದೆ."

ಲೇಪನಕ್ಕೆ ಹೋಗುವ ಮುಂಚೆ ಕನ್ನಡಿ ಇನ್ನೂ ಮೇಜಿನ ಮೇಲಿದ್ದಾಗ, ಆಕೆಯ ಅಕ್ಕನಿಗೆ ಹೆರಿಗೆಯಾಯಿತೆಂದು ಯಾರೋ ಬಾಗಿಲಲ್ಲಿ ಕೂಗಿದ್ದರು. ಚಿಕ್ಕಮ್ಮ ಮುಖಗವಸು ಕೆಳಗೆಳೆದು "ಗಂಡೋ ಹೆಣ್ಣೋ?" ಎಂದು ಕೇಳಿ, ಉತ್ತರ ಕೇಳಿ ನಕ್ಕಳು, ಎಂಜಲಿನ ಒಂದು ಹನಿ ಕನ್ನಡಿಯ ಮೇಲೆ ಸಿಡಿಯಿತು. ಒರೆಸಿದಳು, ದೀಪಕ್ಕೆ ಹಿಡಿದಳು, ಏನೂ ಕಾಣಲಿಲ್ಲ, ಸುಮ್ಮನಾದಳು. ಒಪ್ಪಿಕೊಂಡದ್ದಕ್ಕೆ ಎರಡು ವರ್ಷ ಉಜ್ಜುವ ಮೇಜು ತಪ್ಪಿ, ಗಾಜು ತೊಳೆಯುವ ಕೆಲಸಕ್ಕೆ ಬಿದ್ದಳು. ಲೇಪನದವರ ಕೆಲಸ ಉಳಿಯಿತು. ಅಂದಿನಿಂದ ಬಾಯಿ ತೆರೆಯುವ ಮುನ್ನ ಎದುರಿಗಿರುವುದರಿಂದ ಮುಖ ಹೊರಳಿಸುವುದು ಚಿಕ್ಕಮ್ಮನಿಗೆ ಅಭ್ಯಾಸವಾಯಿತು.

ಆ ಮಗು ನಾನು.

ಮನೆಗೆ ನಡೆದು ಬರುವಾಗ, "ನನ್ನಿಂದ ಅಲ್ವಾ ಚಿಕ್ಕಮ್ಮ ಅದೆಲ್ಲ?" ಎಂದೆ.

"ಹುಚ್ಚಪ್ಪ! ನಕ್ಕಿದ್ದು ತಪ್ಪಲ್ಲ ಕಣೋ. ಒರೆಸಿ ಸುಮ್ಮನಿದ್ದೆ ನೋಡು, ಅದು ತಪ್ಪು." ಇಷ್ಟನ್ನೂ ಆಕೆ ಹೇಳಿದ್ದು ರಸ್ತೆಯ ಆಚೆಬದಿಯ ಗೋಡೆಗೆ.

ಯಾರ ಕಣ್ಣಿಗೂ ಬೀಳದ ಕಲೆಯನ್ನು ತನ್ನದೆಂದು ಹೇಳಿಕೊಳ್ಳುವ ಜನ ವಿರಳ. ಅವರು ನಯಗೊಳಿಸಿದ ಕನ್ನಡಿಗಳನ್ನು ನಂಬಿ ಸಾವಿರಾರು ಮಂದಿ ಆಕಾಶದಲ್ಲಿ ನಿಶ್ಚಿಂತೆಯಿಂದ ನಿದ್ದೆ ಹೋಗುತ್ತಾರೆ, ಮತ್ತು ನೆಲದ ಮೇಲಿರುವ ನಾವು ಅವರನ್ನು ಬಿಗುಮಾನದವರೆಂದು ಕರೆದುಬಿಡುತ್ತೇವೆ.